ಅದು ಹತ್ತು ನಿಮಿಷದ ಸ್ಯಾಂಡ್‌ವಿಚ್ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ‘ಇಟಲಿಯ ಮಫುಲೆಟಾ, 10 ನಿಮಿಷದಲ್ಲಿ ರೆಡಿ’ ಎಂದು ಒಂದು ಸ್ಯಾಂಡ್‌ವಿಚ್ ರೆಸಿಪಿ ಹಾಕಿದ್ದೀರಿ. ಚಿತ್ರ ಚೆನ್ನಾಗಿತ್ತು. ಆದರೆ ತಲೆಬರಹದಲ್ಲೇ ಎರಡು ತಪ್ಪಿವೆ.

ಸಣ್ಣದನ್ನು ಮೊದಲು ಹೇಳಿಬಿಡುತ್ತೇನೆ. ಅದು ಇಟಲಿಯವರು ಮಾಡಿದ್ದು ಹೌದು, ಇಟಲಿಯಲ್ಲಿ ಮಾಡಿದ್ದಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನದು. ಸಿಸಿಲಿಯಿಂದ ಅಲ್ಲಿಗೆ ಹೋಗಿ ನೆಲೆಸಿದ ಸಾಲ್ವತೋರೆ ಲೂಪೋ ಎಂಬವರು 1906ರಲ್ಲಿ ಸೆಂಟ್ರಲ್ ಗ್ರೋಸರಿ ಅಂತ ಒಂದು ದಿನಸಿ ಅಂಗಡಿ ಇಟ್ಟರು. ಹತ್ತಿರದ ಮಾರ್ಕೆಟ್ಟಿಗೆ ತರಕಾರಿ ತರುತ್ತಿದ್ದ ಸಿಸಿಲಿ ಕಡೆಯ ರೈತರು ಮಧ್ಯಾಹ್ನ ಬಂದು ಒಂದಿಷ್ಟು ಸಲಾಮಿ (ಉಪ್ಪು ಹಾಕಿ ಹದ ಮಾಡಿದ ಮಾಂಸದ ತೆಳು ಬಿಲ್ಲೆ), ಒಂದಿಷ್ಟು ಚೀಸ್, ಆಲಿವ್ ಸಲಾಡ್, ಒಂದು ಬ್ರೆಡ್ಡು ಎಲ್ಲ ಬೇರೆಬೇರೆ ಕೊಳ್ಳುತ್ತಿದ್ದರಂತೆ. ಮೊಣಕಾಲ ಮೇಲೆ ಪೊಟ್ಟಣ ಇಟ್ಟುಕೊಂಡು ತಿನ್ನಲು ಪರದಾಡುತ್ತಿದ್ದರಂತೆ. ಅದನ್ನು ನೋಡಿ ಲೂಪೋ ಬ್ರೆಡ್ಡನ್ನು ಅಡ್ಡಕ್ಕೆ ಸೀಳಿ ಎಲ್ಲವನ್ನೂ ಒಳಗೇ ತುಂಬಿ ಕೊಟ್ಟರು ಎಂದು ಹೇಳುತ್ತಾರೆ. ಮಫುಲೆಟಾ ಅನ್ನುವುದು ಮೊದಲು ಆ ದುಂಡು ಬ್ರೆಡ್ಡಿನ ಹೆಸರು.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, 2018ರಲ್ಲಿ ಮಗಳು ಹ್ಯೂಸ್ಟನ್‌ನಲ್ಲಿದ್ದಾಗ ನಾವು ಗಂಡ ಹೆಂಡತಿ ಹೋಗಿದ್ದೆವು. ಅಳಿಯ ಕಾರಿನಲ್ಲಿ ನ್ಯೂ ಆರ್ಲಿಯನ್ಸ್ ತೋರಿಸಿದರು. ಅದೇ ಅಂಗಡಿಯಿಂದ ಒಂದು ಪೂರ್ತಿ ಮಫುಲೆಟಾ ಕಟ್ಟಿಸಿಕೊಂಡು ಮಿಸಿಸಿಪ್ಪಿ ನದಿ ದಂಡೆಯಲ್ಲಿ ಕೂತೆವು. ಒಂದು ಊಟದ ತಟ್ಟೆಯಷ್ಟು ಅಗಲ. ತಣ್ಣಗಿತ್ತು. ಒಳಗೆ ಇದ್ದದ್ದು ಹಂದಿ ಮಾಂಸ. ನಾನೂ ಅಳಿಯನೂ ತಿಂದೆವು. ನನ್ನ ಹೆಂಡತಿ ಮಾಂಸದ ಹಾಳೆಗಳನ್ನೆಲ್ಲ ಎತ್ತಿ ನಮ್ಮ ಕಡೆ ಹಾಕಿದಳು. ಎಣ್ಣೆ ಕುಡಿದ ಬ್ರೆಡ್ಡು, ಚೀಸು, ಆಲಿವ್ ಇಷ್ಟನ್ನೇ ತಿಂದು, "ಇಷ್ಟೇ ಸಾಕಲ್ರೀ, ಅದೆಲ್ಲ ಯಾಕೆ ಬೇಕು?" ಅಂದಳು. ನನ್ನ ಪ್ರಕಾರ ಆ ಮಾತಿನಲ್ಲೇ ಪೂರ್ತಿ ರೆಸಿಪಿ ಇದೆ.

ಈಗ ದೊಡ್ಡ ತಪ್ಪು. 10 ನಿಮಿಷ. ನಿಮ್ಮ ರೆಸಿಪಿ ನಂಬಿ ನಾನು ಭಾನುವಾರವೇ ಮಾಡಿದೆ. ಅಂಗಡಿಯ ಮಿಲ್ಕ್ ಬ್ರೆಡ್, ಚಿಕನ್ ಸಲಾಮಿ, ಬಾಟಲಿ ಆಲಿವ್, ಎರಡು ಚಮಚ ಎಣ್ಣೆ. ಬ್ರೆಡ್ಡಿನ ಮೇಲ್ಭಾಗ ಒಣಕಲು, ಕೆಳಭಾಗ ಒದ್ದೆ ಮುದ್ದೆ. ಕಚ್ಚಿದರೆ ಆಲಿವ್ ಚೂರುಗಳು ಅಂಗಿ ಮೇಲೆ. ಜೊತೆಗೆ ಬ್ರೆಡ್ಡು ಸಿಹಿ. ಮೊಮ್ಮಗ ಸಲಾಮಿ ಮಾತ್ರ ಎಳೆದು ತಿಂದು ಎದ್ದುಹೋದ.

ನಾನು ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ 31 ವರ್ಷ ಅಸೆಂಬ್ಲಿಯಲ್ಲಿ ಕೂತವನು. ಸರಿಯಾಗಿ ಕೂರದ್ದನ್ನು ಬಿಚ್ಚಿ ಮತ್ತೆ ಜೋಡಿಸುವುದು ಅಭ್ಯಾಸ. ಸೋಮವಾರದಿಂದ ಶುರು ಮಾಡಿದೆ. ಶನಿವಾರ ನಮ್ಮಲ್ಲಿ ಮಾಂಸ ಇಲ್ಲ, ಮೊಮ್ಮಗ ಬರುವುದು ಅವತ್ತೇ. ಹಾಗಾಗಿ ಬದನೆಕಾಯಿಯದ್ದು.

ಮೊದಲು ಬ್ರೆಡ್ಡು. ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಗೆ ಹೋಗಿ, ದುಂಡಗೆ, ಅಗಲವಾಗಿ, ಸಕ್ಕರೆ ತೀರಾ ಕಡಿಮೆ, ಮೇಲೆ ಬಿಳಿ ಎಳ್ಳು ಅಂದೆ. ಅವರು ಒಂದು ನಿಮಿಷ ನನ್ನ ಮುಖ ನೋಡಿದರು. "ಟೂಟಿ ಫ್ರೂಟಿನೂ ಬೇಡ್ವಾ ಸಾರ್?" ಅಂದರು. ಬೇಡ ಅಂದೆ. ದಿಲ್‌ಪಸಂದ್ ಸುಡುವ ತಟ್ಟೆ ತೋರಿಸಿ, ಇಷ್ಟು ಅಗಲ ಸಾಕಾ ಎಂದು ಕೇಳಿದರು. ಅಷ್ಟೇ ಬೇಕಿತ್ತು. ಮೇಲುಗಡೆ ಗಟ್ಟಿ ಪದರ, ಒಳಗೆ ಸ್ವಲ್ಪ ಬಿಗಿ. ಇಂಥದ್ದು ಎಣ್ಣೆ ಕುಡಿದರೂ ಮುದ್ದೆಯಾಗುವುದಿಲ್ಲ.

ಆಮೇಲೆ ಆಲಿವ್ ಸಲಾಡ್. ನಿಮ್ಮ ರೆಸಿಪಿಯಲ್ಲಿ ಇದಕ್ಕೆ ಅರ್ಧ ಸಾಲು. ಹೂಕೋಸು, ಕ್ಯಾರೆಟ್ ಸಣ್ಣಗೆ ಹೆಚ್ಚಿ ವಿನಿಗರ್, ನೀರು, ಉಪ್ಪಿನಲ್ಲಿ ಎರಡು ದಿನ ಫ್ರಿಜ್ಜಿನಲ್ಲಿ ನೆನೆಯಬೇಕು. ಸೆಲರಿ ಸಿಕ್ಕರೆ ಸರಿ, ಸಿಗದಿದ್ದರೆ ಬಿಡಿ. ನಂತರ ನೀರು ಬಸಿದು, ಒಂದು ಕಪ್ ಹಸಿರು ಆಲಿವ್, ಅರ್ಧ ಕಪ್ ಕಪ್ಪು ಆಲಿವ್, ಎರಡು ಎಸಳು ಬೆಳ್ಳುಳ್ಳಿ, ಓರೆಗಾನೊ, ಅರ್ಧ ಕಪ್ ಆಲಿವ್ ಎಣ್ಣೆ. ಒಂದು ರಾತ್ರಿ ಮತ್ತೆ ಫ್ರಿಜ್ಜಿನಲ್ಲಿ. ಬೆಳಿಗ್ಗೆ ಎಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟಿರುತ್ತದೆ. ಗಾಬರಿ ಬೇಡ, ಅರ್ಧ ಗಂಟೆ ಹೊರಗಿಟ್ಟರೆ ಕರಗುತ್ತದೆ. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಇರುವುದರಿಂದ ಇದನ್ನು ತಿಂಗಳುಗಟ್ಟಲೆ ಇಡುವ ಹಾಗಿಲ್ಲ. ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು.

ಕಪ್ಪು ಆಲಿವ್ ಕೊಳ್ಳುವಾಗ ಕನ್ನಡಕ ಹಾಕಿಕೊಂಡು ಲೇಬಲ್ ಓದಿ. ಹಸಿರು, ಕಪ್ಪು ಎರಡೂ ಒಂದೇ ಹಣ್ಣು. ಮಾಗಿದರೆ ಕಪ್ಪು. ಆದರೆ ಲೇಬಲ್ಲಿನಲ್ಲಿ 579 ಎಂದಿದ್ದರೆ ಅದು ಫೆರಸ್ ಗ್ಲುಕೋನೇಟ್. ಮಾಗುವ ಮುಂಚೆ ಕಿತ್ತು, ಆಮೇಲೆ ಕಪ್ಪಗೆ ಮಾಡಿದ ಕಾಯಿಗೆ ಬಣ್ಣ ನಿಲ್ಲಲಿ ಅಂತ ಹಾಕುವ ಕಬ್ಬಿಣದ ಲವಣ. ತಿಂದರೆ ಏನೂ ಆಗುವುದಿಲ್ಲ, ರುಚಿ ಮಾತ್ರ ಸಪ್ಪೆ. ಹಸಿರೇ ಜಾಸ್ತಿ ಹಾಕಿ ಅನ್ನುವುದು ಇದಕ್ಕೇ. ಆಲಿವ್ ದುಬಾರಿ ಅಂತ ಒಮ್ಮೆ ಮಿಡಿ ಮಾವಿನಕಾಯಿ ಹೆಚ್ಚಿ ಹಾಕಿದೆ. ಹೊಸ ತಿಂಡಿಯೂ ಕೆಟ್ಟಿತು, ಮಿಡಿಯೂ ದಂಡ. ಮಿಡಿ ಎಲ್ಲೇ ಹೋದರೂ ಮೊಸರನ್ನವನ್ನೇ ಹುಡುಕುತ್ತದೆ.

ಬದನೆಕಾಯಿ ದೊಡ್ಡ ಗುಂಡನೆಯದು. ಅರ್ಧ ಸೆಂಟಿಮೀಟರ್ ಬಿಲ್ಲೆ, ಉಪ್ಪು ಸವರಿ ಅರ್ಧ ಗಂಟೆ. ತೊಳೆದು, ಒತ್ತಿ ನೀರು ತೆಗೆದು, ದೋಸೆ ಕಾವಲಿ ಮೇಲೆ ಎರಡೂ ಕಡೆ ಕಂದು ಬರುವಷ್ಟು. ಮೊದಲ ಸಲ ತೊಳೆಯಲಿಲ್ಲ. "ಇದಕ್ಕಿಂತ ಉಪ್ಪಿನಕಾಯಿನೇ ತಿನ್ನಬಹುದಿತ್ತು" ಅಂದಳು ನನ್ನಾಕೆ. ಕೆಂಪು ದಪ್ಪ ಮೆಣಸಿನಕಾಯಿಯನ್ನು ಉರಿಯ ಮೇಲೇ ಸುಟ್ಟು ಸಿಪ್ಪೆ ಸುಲಿಯಬೇಕು. ಅಲ್ಲಿಯವರು ಹಾಕುವ ಪ್ರೊವೊಲೋನೆ ಅನ್ನುವ ಇಟಲಿಯ ಚೀಸ್ ಹುಡುಕಿ ಅಲೆಯಬೇಡಿ. ಇಟಲಿಯಲ್ಲಿ ಕಲಿತು ಬಂದು ಬೆಂಗಳೂರಲ್ಲೇ ಚೀಸ್ ಮಾಡುವ ಬೆನೆಡಿಕ್ಟೀನ್ ಪಂಥದ ಕ್ರೈಸ್ತ ಸನ್ಯಾಸಿಗಳಿದ್ದಾರೆ, ಅವರದು ಚೆನ್ನಾಗಿರುತ್ತದೆ. ನನಗೆ ಮಾಮೂಲಿ ಚೀಸ್ ಹಾಳೆಯೂ ನಡೆಯಿತು.

ಜೋಡಿಸುವಾಗ ಸಲಾಡ್ ಎರಡೂ ಕಡೆ ಬ್ರೆಡ್ಡಿಗೆ ತಾಗಿರಬೇಕು. ನಡುವೆ ಚೀಸ್, ಬದನೆ, ಮೆಣಸಿನಕಾಯಿ, ಮತ್ತೆ ಚೀಸ್. ಚೀಸ್ ಹಾಳೆ ಸಲಾಡ್ ಜಾರದಂತೆ ಹಿಡಿಯುತ್ತದೆ. ಮೇಲಿನ ಬ್ರೆಡ್ಡು ಮುಚ್ಚಿ, ಬಟರ್ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಫ್ರಿಜ್ಜಿನಲ್ಲಿ ನಾಲ್ಕು ಗಂಟೆ. ಮೇಲೆ ಭಾರ ಬೇಕು. ನಾನು ಒರಳಿನ ಗುಂಡು ಎತ್ತಿಕೊಂಡು ಬಂದೆ. "ಫ್ರಿಜ್ಜಿನ ಗಾಜು ಒಡೆದರೆ ನೀವೇ ತಂದುಕೊಡಬೇಕು" ಅಂದು ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಕೊನೆಗೆ ಅವಳೇ ಫ್ರಿಜ್ಜಿನಲ್ಲಿದ್ದ ನಾಲ್ಕು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಎತ್ತಿ ಅದರ ಮೇಲೆ ಮಲಗಿಸಿದಳು. ಹೇಗೂ ಎರಡು ಕಿಲೋ. ಮೆತ್ತಗೆ ಎಲ್ಲ ಕಡೆಗೂ ಸಮನಾಗಿ ಒತ್ತುತ್ತದೆ. ಗುಂಡಿಗಿಂತ ಇದೇ ವಾಸಿ.

ನಾಲ್ಕು ಗಂಟೆ ಬಿಟ್ಟು ಬಿಚ್ಚಿದರೆ ಎತ್ತರಕ್ಕೆ ಉಬ್ಬಿಕೊಂಡಿದ್ದದ್ದು ಚೆನ್ನಾಗಿ ತಗ್ಗಿ ಕೂತಿತ್ತು. ಬ್ರೆಡ್ಡಿನ ಒಳಮೈ ಎಣ್ಣೆಯಲ್ಲಿ ಹಳದಿ, ಹೊರಗೆ ಒಣ. ನಾಲ್ಕು ಭಾಗ ಮಾಡಿದರೆ ಒಂದು ಚೂರೂ ಉದುರಲಿಲ್ಲ. ಈ ಕಾಯುವುದನ್ನೇ ನೀವು ಬಿಟ್ಟಿದ್ದೀರಿ ಸ್ವಾಮಿ. ಕೊನೆಗೆ ಕಾವಲಿ ಮೇಲೆ ಬಿಸಿ ಮಾಡಿ ಅಂತ ಬೇರೆ ಬರೆದಿದ್ದೀರಿ. ನ್ಯೂ ಆರ್ಲಿಯನ್ಸ್‌ನಲ್ಲೂ ಬಿಸಿ ಮಾಡಿ ಕೊಡುವವರಿದ್ದಾರೆ, ಜಗಳ ಇಲ್ಲ. ನನಗೆ ತಣ್ಣಗಿದ್ದದ್ದೇ ಇಷ್ಟ.

ದಯವಿಟ್ಟು ಮುಂದಿನ ಭಾನುವಾರ ತಿದ್ದುಪಡಿ ಹಾಕಿ. ‘ಇಟಲಿಯ’ ಅನ್ನುವುದನ್ನು ಹಾಗೇ ಉಳಿಸಿದರೂ ಪರವಾಗಿಲ್ಲ, ‘10 ನಿಮಿಷ’ ಅನ್ನುವುದನ್ನು ತೆಗೆಯಿರಿ.

ಇನ್ನೊಂದು ವಿಷಯ. ಬೇಕರಿಯವರು ಒಂದೇ ಬ್ರೆಡ್ಡಿಗೆ ಹಿಟ್ಟು ಕಲಸುವುದಿಲ್ಲವಂತೆ, ಕಡಿಮೆ ಅಂದರೆ ನಾಲ್ಕು. ನನಗೆ ಬೇಕಿರುವುದು ಒಂದು. ಜಾಲಹಳ್ಳಿ ಕಡೆಯ ಓದುಗರು ಯಾರಾದರೂ ಇದ್ದರೆ ಕೇಳಿ ನೋಡಿ. ಶುಕ್ರವಾರ ಸಂಜೆ ಅಲ್ಲಿ ಸಕ್ಕರೆ ತೀರಾ ಕಡಿಮೆ ಇರುವ ಮೂರು ದುಂಡು ಬ್ರೆಡ್ಡು ಉಳಿದಿರುತ್ತವೆ.

ಇತಿ,
ನಿವೃತ್ತ ಎಚ್‌ಎಂಟಿ ಕೆಲಸಗಾರ
ಜಾಲಹಳ್ಳಿ, ಬೆಂಗಳೂರು