ಸೀನನಿಗೆ, ಅಮ್ಮನ ಮಂಡಿನೋವಿನ ಬಗ್ಗೆ

ಪ್ರೀತಿಯ ಸೀನ,

ನೀನು ಕಳಿಸಿದ ಎರಡು ಸ್ಟ್ರಿಪ್‌ಗಳ ಫೋಟೋ ದೊಡ್ಡದು ಮಾಡಿ ನೋಡಿದೆ. ಮಂಡಿನೋವಿನ ಮಾತ್ರೆ: ಅಸೆಕ್ಲೊಫೆನಾಕ್ 100 ಮಿ.ಗ್ರಾಂ, ಪ್ಯಾರಸಿಟಮಾಲ್ 325. ಬಿಪಿ ಮಾತ್ರೆ: ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಾಜೈಡ್ 12.5. ಈ ಜೋಡಿ ಇರೋ ಮನೆ ನಿಮ್ಮದೊಂದೇ ಅಲ್ಲ, ಅದಕ್ಕೇ ಎಲ್ಲರಿಗೂ ಕಾಣೋ ಹಾಗೆ ಬರೀತಿದ್ದೀನಿ.

ಕಿಡ್ನಿಗೆ ರಕ್ತ ತರೋ ಸಣ್ಣ ನಾಳ ತೆರೆದಿರೋಕೆ ಪ್ರೋಸ್ಟಾಗ್ಲಾಂಡಿನ್ ಅನ್ನೋ, ಮೈಯೇ ತಯಾರಿಸೋ ರಾಸಾಯನಿಕ ಬೇಕು. ಅಸೆಕ್ಲೊಫೆನಾಕ್ ಅದನ್ನೇ ತಡೆಯತ್ತೆ. ನೋವು, ಊತ ಇಳಿಯೋದೂ ಅದರಿಂದಲೇ. ಸೋಸಿದ ರಕ್ತ ಆಚೆ ಒಯ್ಯೋ ನಾಳವನ್ನ ಟೆಲ್ಮಿಸಾರ್ಟನ್ ಸಡಿಲ ಮಾಡತ್ತೆ, ಹೈಡ್ರೋಕ್ಲೋರೋಥಯಾಜೈಡ್ ಮೈಯ ನೀರು ಇಳಿಸತ್ತೆ. ಮೂರೂ ಸೇರಿದರೆ ರಕ್ತ ಸೋಸೋಕೆ ಬೇಕಾದ ಒತ್ತಡ ಕುಸಿಯಬಹುದು. ಕಿಡ್ನಿಗೆ ಪೆಟ್ಟಾದರೂ ನೋವು ಕಾಣಲ್ಲ ಕಣೋ. ವಾಂತಿ-ಭೇದಿ ಆದಾಗ, ಅಮ್ಮ ನೀರೂ ಮುಟ್ಟದೆ ಏಕಾದಶಿ ಮಾಡಿದಾಗ ಅಪಾಯ ಹೆಚ್ಚು. ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ಕ್ರಿಯಾಟಿನಿನ್, ಪೊಟ್ಯಾಶಿಯಂ ರಕ್ತಪರೀಕ್ಷೆ ಈ ವಾರವೇ ಮಾಡಿಸು. ಡಾಕ್ಟರ್ ನೋಡೋವರೆಗೆ ನೋವಿನ ಮಾತ್ರೆ ಬೇಡ. ಬಿಪಿ ಮಾತ್ರೆಯನ್ನ ಮಾತ್ರ ನೀನಾಗೇ ನಿಲ್ಲಿಸಬೇಡ.

"ಊಟ ಆದ್ಮೇಲೇ ತಗೋತಾರೆ" ಅಂದೆ. ಹೊಟ್ಟೆಯ ಒಳಪದರ ಕಾಯೋದೂ ಅದೇ ಪ್ರೋಸ್ಟಾಗ್ಲಾಂಡಿನ್. ಔಷಧಿ ರಕ್ತದಲ್ಲಿ ಸೇರಿ ಅದನ್ನ ತಡೆಯತ್ತೆ, ಹಾಗಾಗಿ ಅನ್ನ ಉಂಡರೂ, ಇಂಜೆಕ್ಷನ್ ಹಾಕಿಸಿದರೂ ಹುಣ್ಣಿನ ಭಯ ತಪ್ಪಲ್ಲ. ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾದರೆ ಬೆಳಗಾಗಲಿ ಅಂತ ಕಾಯಬೇಡ, ಆಸ್ಪತ್ರೆಗೆ ಕರ್ಕೊಂಡು ಹೋಗು.

ಡೈಕ್ಲೊಫೆನಾಕ್ ಜೆಲ್ ಬಗ್ಗೆ ಡಾಕ್ಟರನ್ನ ಕೇಳು. ರಕ್ತಕ್ಕೆ ಸೇರೋದು ಮಾತ್ರೆಗಿಂತ ತುಂಬಾ ಕಮ್ಮಿ. ಕಡಲೆಕಾಳಷ್ಟು ಸವರಿ "ಏನೂ ಆಗ್ಲಿಲ್ಲ" ಅಂತಾರೆ ಜನ. 1% ಜೆಲ್ ಆದರೆ ಒಂದು ಮಂಡಿಗೆ ಸಲಕ್ಕೆ 4 ಗ್ರಾಂ, ದಿನಕ್ಕೆ 4 ಸಲ. ಅಂದರೆ 30 ಗ್ರಾಂ ಟ್ಯೂಬು ಎರಡು ದಿನಕ್ಕೂ ಸಾಲಲ್ಲ. ಮೇಲೆ ಬಿಸಿನೀರಿನ ಚೀಲ ಇಡಬಾರದು. ಜ್ವರಕ್ಕೆ ಪ್ಯಾರಸಿಟಮಾಲ್ 650 ಕೊಟ್ಟಾಗ ನೋವಿನ ಮಾತ್ರೆಯೊಳಗಿನ 325 ಕೂಡ ಲೆಕ್ಕಕ್ಕೆ ಹಿಡಿ.

ಇಷ್ಟು ಬರೆದ ಮೇಲೆ ನನಗೇ ಭಯ ಆಗ್ತಿದೆ. ನೀನು ಮಾತ್ರೆ ಡಬ್ಬಿ ಬಚ್ಚಿಟ್ಟು, ಅಮ್ಮ ನೋವು ನುಂಗ್ಕೊಂಡು ಕೂತುಬಿಟ್ಟರೆ? ಸಹಿಸ್ಕೊಳ್ಳೋದೇ ದೊಡ್ಡತನ ಅಂತ ನಾವೆಲ್ಲ ಸೇರಿ ಅವರನ್ನ ನಂಬಿಸಿಬಿಟ್ಟಿದ್ದೀವಿ. ನಡೆದಾಡದಿದ್ದರೆ ತೊಡೆಯ ಸ್ನಾಯು ಸೊರಗಿ ಮಂಡಿ ಇನ್ನೂ ನೋಯತ್ತೆ. ಮಾತ್ರೆ ಬೇಡ ಅಂದವರು ಬದಲಿಗೆ ಏನು ಅಂತ ಹೇಳದೆ ಎದ್ದು ಹೋಗಬಾರದು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ ಅನ್ನಿಸ್ತಿದೆ.

ಸರಿ ಬಿಡು. ರಿಪೋರ್ಟ್ ಬಂದ ಕೂಡ್ಲೆ ಕಳಿಸು. ಹಸಿರು ಛತ್ರಿ ನನ್ನ ಹತ್ರಾನೇ ಇದೆ, ಮಳೆಗಾಲಕ್ಕೆ ಮುಂಚೆ ಬಂದು ತಗೊಂಡು ಹೋಗು.

ನಿನ್ನ,
ಗುಂಡ