ಕಾರು ಮಾರಿದ್ದು ಪರಿಸರದ ಕಾಳಜಿಯಿಂದಲ್ಲ, ರಾಘು

ಮ್ಯೂನಿಕ್, ಭಾನುವಾರ ಬೆಳಿಗ್ಗೆ

ರಾಘು,

ನೀನು ಸೆಪ್ಟೆಂಬರ್ ಮೂರನೇ ವಾರ ಇಲ್ಲಿಗೆ ಬರುತ್ತಿದ್ದೀಯ ಅಂತ ಓದಿ ಅಡುಗೆಮನೆಯಲ್ಲಿದ್ದ ಇವಳಿಗೆ ಕೂಗಿ ಹೇಳಿದೆ. ಪ್ರಾಜೆಕ್ಟು ಆರು ತಿಂಗಳು, ಶನಿವಾರ ಭಾನುವಾರ ನಮ್ಮನೆ, ಎಲ್ಲ ಸರಿ. ಆದರೆ ಮೆಸೇಜಿನ ಕೊನೆಗೆ ಬರೆದಿದ್ದೀಯಲ್ಲ, ‘ಅಲ್ಲಿ ನಿಂತ್ಕೊಂಡು ಹೋಗೋ ಬ್ಯಾಟರಿ ಸ್ಕೂಟರ್ ಇರ್ತದಂತೆ, ಲೈಸೆನ್ಸೂ ಬೇಡವಂತೆ. ಬಿಯರ್ ಹಬ್ಬದಲ್ಲಿ ಎರಡು ಮಗ್ ಏರಿಸಿ ಅದ್ರಲ್ಲೇ ಮನೆಗೆ ಹೋಗೋಣ. ನೀ ಓಡ್ಸು, ನಾ ಹಿಂದೆ ನಿಲ್ತೀನಿ’ ಅಂತ, ಅದನ್ನು ಓದಿದಾಗ ಕೈಯಲ್ಲಿದ್ದ ಕಾಫಿ ಹಾಗೇ ಉಳಿಯಿತು.

ಒಂದು ಸುಳ್ಳು ಒಪ್ಪಿಕೊಳ್ಳಬೇಕು ಮಾರಾಯ. ಹೋದ ವರ್ಷ ವೀಡಿಯೊ ಕಾಲ್‌ನಲ್ಲಿ ಕಾರು ಎಲ್ಲಿ ಅಂತ ನೀನು ಕೇಳಿದ್ದೆ. ಮಾರಿದೆ, ಇಲ್ಲಿ ರೈಲು ಚೆನ್ನಾಗಿದೆ, ಹೊಗೆ ಉಗುಳೋದ್ಯಾಕೆ ಅಂತೆಲ್ಲ ನಾನು ಭಾಷಣ ಬಿಗಿದೆ. ನೀನು ನಂಬಿದೆ. ನಿಮ್ಮಪ್ಪನ ಹತ್ತಿರ ಹೇಳಿ ಅವರೂ ಮೆಚ್ಚಿಕೊಂಡರು ಅಂತ ಬೇರೆ ತಿಳಿಸಿದೆ. ಕಾರು ಮಾರಿದ್ದು ನನ್ನ ಲೈಸೆನ್ಸ್ ಹೋಗಿತ್ತು ಅಂತ. ಲೈಸೆನ್ಸ್ ಹೋಗಿದ್ದು ಆ ನಿಂತುಕೊಂಡು ಹೋಗುವ ಆಟಿಕೆಯ ಮೇಲೆ.

ಕಥೆ ಸಣ್ಣದು. ಆಕ್ಟೋಬರ್‌ಫೆಸ್ಟನ್ನು ಇಲ್ಲಿನವರು ‘ವೀಸನ್’ ಅಂತಾರೆ. ನಮ್ಮ ಸಾಗರದ ಮಾರಿಕಾಂಬಾ ಜಾತ್ರೆ ನೆನೆಸಿಕೋ. ಅದೇ ತೊಟ್ಟಿಲು, ಅದೇ ಧೂಳು, ಅದೇ ಜನ. ನಮ್ಮದು ಮೂರು ವರ್ಷಕ್ಕೊಮ್ಮೆ, ಇವರದು ಪ್ರತಿ ವರ್ಷ. ದೇವಿ ಇಲ್ಲ, ಬಿಯರ್ ಇದೆ. ಆಫೀಸಿನವರು ಒಂದು ಟೆಂಟಿನಲ್ಲಿ ಟೇಬಲ್ ಬುಕ್ ಮಾಡಿದ್ದರು. ನಾಲ್ಕು ಗಂಟೆಗೆ ಕೂತವನು ಎಂಟೂವರೆಗೆ ಎದ್ದೆ. ಕುಡಿದಿದ್ದು ಎರಡೇ ಎರಡು. ‘ಎರಡೇ’ ಅನ್ನುವ ಮಾತನ್ನು ಆಮೇಲೆ ನಾನು ಪೊಲೀಸರಿಗೂ ಹೇಳಿದೆ, ಡಾಕ್ಟರಿಗೂ ಹೇಳಿದೆ, ವಕೀಲರಿಗೂ ಹೇಳಿದೆ. ಮೂವರೂ ತಲೆಯಾಡಿಸಿದರು, ಅಷ್ಟೇ.

ಆ ಎರಡರ ಲೆಕ್ಕ ಹೇಳುತ್ತೇನೆ ಕೇಳು. ಅಲ್ಲಿ ‘ಮಾಸ್’ ಅಂದರೆ ಒಂದು ಲೀಟರ್. ಹಬ್ಬದ ಬಿಯರಿನಲ್ಲಿ ಮದ್ಯಸಾರ ಶೇ. 6ರ ಸುತ್ತಮುತ್ತ. ಒಂದು ಮಗ್ಗಿಗೆ ಸುಮಾರು 48 ಗ್ರಾಂ ಆಲ್ಕೋಹಾಲ್ ಆಯಿತು, ಎರಡಕ್ಕೆ 96. ದೇಹ ಗಂಟೆಗೆ ಕರಗಿಸುವುದು ರಕ್ತದ ಲೆಕ್ಕದಲ್ಲಿ 0.1ರಿಂದ 0.2 ಪ್ರೊಮಿಲೆ. ಪ್ರೊಮಿಲೆ ಅಂದರೆ ಸಾವಿರಕ್ಕೆ ಎಷ್ಟು ಪಾಲು ಅನ್ನೋದು. ಎಪ್ಪತ್ತೈದು ಕಿಲೋ ತೂಗುವ ನನ್ನಂಥವನು ನಾಲ್ಕೂವರೆ ಗಂಟೆ ಕೂತು ಎದ್ದರೂ ಒಂದರ ಆಸುಪಾಸಿನಲ್ಲೋ ಅದರಾಚೆಯೋ ಇರುತ್ತಾನೆ. ನನಗೆ ಬಂದಿದ್ದು 1.24. ತಲೆ ತಿರುಗುತ್ತಿರಲಿಲ್ಲ, ಮಾತು ತೊದಲುತ್ತಿರಲಿಲ್ಲ. ಬೇಕಿದ್ದರೆ ಹದಿನೇಳರ ಮಗ್ಗಿ ಒಪ್ಪಿಸುತ್ತಿದ್ದೆ.

ಮೆಟ್ರೋ ಸ್ಟೇಷನ್ನಿನ ಬಾಗಿಲಲ್ಲಿ ಜನ ಇರುವೆ ಮುತ್ತಿದ ಹಾಗೆ. ಮುಂದಿನ ಸ್ಟೇಷನ್ನಿಗೆ ನಡೆದರೆ ಹದಿನೈದು ನಿಮಿಷ. ದಾರಿಯಲ್ಲಿ ಒಂದು ಸ್ಕೂಟರ್ ಕಂಬಕ್ಕೆ ಒರಗಿ ನಿಂತಿತ್ತು. ಫೋನ್ ಹಿಡಿದೆ, ಟುಂಯ್ ಅಂತು, ಹತ್ತಿದೆ. ಚಿಕ್ಕವರಿದ್ದಾಗ ನಿಮ್ಮಪ್ಪನ ಲೂನಾ ಕದ್ದು ಇಳಿಜಾರಿನಲ್ಲಿ ಬಿಡುತ್ತಿದ್ದೆವಲ್ಲ, ಅದೇ ಖುಷಿ. ಆ ಖುಷಿಯ ಆಯಸ್ಸು ಎರಡು ಸಿಗ್ನಲ್. ಮೂರನೆಯದರಲ್ಲಿ ಟಾರ್ಚು ಹಿಡಿದು ಇಬ್ಬರು ನಿಂತಿದ್ದರು. ಬಹಳ ಮರ್ಯಾದೆಯಿಂದ ‘ಶುಭ ಸಂಜೆ’ ಅಂದರು. ಊದಿಸಿದರು. ಯಂತ್ರ ನೋಡಿ ಒಬ್ಬರ ಮುಖ ಇನ್ನೊಬ್ಬರು ನೋಡಿಕೊಂಡರು.

ನಾನು ಆಗಲೂ ನಗುತ್ತಿದ್ದೆ ರಾಘು. ದಂಡ ಹಾಕುತ್ತಾರೆ, ಕಟ್ಟಿ ನಡೆಯೋಣ ಅಂತ. ಅವರು ಠಾಣೆಗೆ ಕರೆದುಕೊಂಡು ಹೋಗಿ ರಕ್ತ ತೆಗೆಸಿದರು. 2017ರಿಂದ ಇಂಥ ಕೇಸಿಗೆ ನ್ಯಾಯಾಧೀಶರ ಅಪ್ಪಣೆಯೂ ಬೇಡವಂತೆ, ಪೊಲೀಸರು ಹೇಳಿದರೆ ಸಾಕು. ಆಮೇಲೆ ಪರ್ಸ್ ತೆಗೆಯಲು ಹೇಳಿ ನನ್ನ ಕಾರಿನ ಲೈಸೆನ್ಸ್ ಇಸಿದುಕೊಂಡರು. ‘ಇದು ಕಾರಿಂದು, ಸ್ಕೂಟರಿಗೆ ಲೈಸೆನ್ಸೇ ಬೇಡವಲ್ಲ?’ ಅಂದೆ. ‘ಹೌದು, ಬೇಡ’ ಅಂದು ಲೈಸೆನ್ಸನ್ನು ಕವರಿನೊಳಗೆ ಹಾಕಿದರು.

ನಾನು ಎಡವಿದ್ದು ಅಲ್ಲೇ. ನೀನೂ ಎಡವುತ್ತೀಯ ಅಂತ ಈ ಪತ್ರ.

ನಮ್ಮಲ್ಲಿ ಅಭ್ಯಾಸ ಏನು? 250 ವಾಟ್‌ಗಿಂತ ಕಡಿಮೆ ಮೋಟಾರು, 25 ಕಿ.ಮೀ.ಗಿಂತ ಕಡಿಮೆ ವೇಗದ ಬ್ಯಾಟರಿ ಗಾಡಿಗೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಅದು ಮೋಟಾರು ವಾಹನವೇ ಅಲ್ಲ ಅಂತ ಕೇಂದ್ರದ ನಿಯಮವೇ ಹೇಳುತ್ತದೆ. ಹಾಗಾಗಿ ಲೈಸೆನ್ಸ್ ಬೇಡ ಅಂದ ಕೂಡಲೇ ನಮ್ಮ ತಲೆಯಲ್ಲಿ ಅದು ಸೈಕಲ್ಲಿನ ಜಾತಿಗೆ ಸೇರಿಬಿಡುತ್ತದೆ. ಇಲ್ಲಿ ಹಾಗಲ್ಲ. 2019ರ ಜೂನ್‌ನಲ್ಲಿ ಈ ಸ್ಕೂಟರುಗಳನ್ನು ರಸ್ತೆಗೆ ಬಿಟ್ಟಾಗ ವೇಗ 20 ಕಿ.ಮೀ.ಗೆ ಕಟ್ಟಿದರು, ಹದಿನಾಲ್ಕು ತುಂಬಿದ ಯಾರು ಬೇಕಾದರೂ ಓಡಿಸಬಹುದು ಅಂದರು, ಹೆಲ್ಮೆಟ್ಟನ್ನೂ ಕಡ್ಡಾಯ ಮಾಡಲಿಲ್ಲ. ಆದರೆ ಮೋಟಾರು ವಾಹನದ ಪಟ್ಟಿಯಲ್ಲೇ ಇಟ್ಟರು. ಹಿಂದುಗಡೆ ಅಂಗೈಯಗಲದ ಒಂದು ಇನ್ಶೂರೆನ್ಸ್ ಸ್ಟಿಕರ್ ಇರುತ್ತದೆ, ಬಂದಾಗ ನೋಡು. ಕುಡಿದವನ ಕಣ್ಣಿಗೆ ಅದು ಬೀಳುವುದಿಲ್ಲ ಅನ್ನೋದು ಬೇರೆ ಮಾತು.

ಮೋಟಾರು ವಾಹನ ಅಂದ ಮೇಲೆ ಕಾರಿನ ಅಳತೆಯೇ ಇದಕ್ಕೂ. ರಕ್ತದಲ್ಲಿ 0.5 ಮುಟ್ಟಿದರೆ, ನೀನು ನೆಟ್ಟಗೆ ಹೋಗುತ್ತಿದ್ದರೂ, ಮೊದಲ ಸಲಕ್ಕೆ 500 ಯೂರೋ ದಂಡ, ಫ್ಲೆನ್ಸ್‌ಬುರ್ಗ್‌ನಲ್ಲಿರುವ ಚಾಲಕರ ತಪ್ಪುಗಳ ಕೇಂದ್ರ ದಾಖಲೆಯಲ್ಲಿ 2 ಪಾಯಿಂಟು, ಒಂದು ತಿಂಗಳು ಯಾವ ಮೋಟಾರು ಗಾಡಿಯನ್ನೂ ಮುಟ್ಟುವಂತಿಲ್ಲ. 1.1 ಮುಟ್ಟಿದರೆ ದಂಡದ ಲೆಕ್ಕ ಮುಗಿದು ಕ್ರಿಮಿನಲ್ ಕೇಸು ಶುರು. ಕಾಗದದ ಮೇಲೆ ಒಂದು ವರ್ಷದ ತನಕ ಜೈಲು ಅಂತಿದೆ. ಗಾಡಿ ಓಲಾಡಿತು, ಯಾರಿಗೋ ತಾಗಿತು ಅಂದರೆ 0.3 ಸಾಕು. ಹೊಸದಾಗಿ ಲೈಸೆನ್ಸ್ ಪಡೆದು ಎರಡು ವರ್ಷ ತುಂಬದವರಿಗೆ, 21 ತುಂಬದವರಿಗೆ ಸೊನ್ನೆ ಅಂದರೆ ಸೊನ್ನೆ.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಸೈಕಲ್ಲಿಗೆ ಕ್ರಿಮಿನಲ್ ಕೇಸಿನ ಆ ಗೆರೆ ಇರುವುದು 1.1ರಲ್ಲಲ್ಲ, 1.6ರಲ್ಲಿ. ಅದೇ ಹೊಟ್ಟೆ, ಅದೇ ಬಿಯರ್, ಅದೇ ರಸ್ತೆಯಲ್ಲಿ ನಾನು ಸೈಕಲ್ ತುಳಿದುಕೊಂಡು ನೆಟ್ಟಗೆ ಹೋಗಿದ್ದರೆ ಇದು ಅಪರಾಧವೇ ಆಗುತ್ತಿರಲಿಲ್ಲ. ಸೈಕಲ್ಲಿನವನು ಈ ಸ್ಕೂಟರಿಗಿಂತ ಜೋರಾಗಿಯೇ ಹೋಗುತ್ತಾನೆ. ವಕೀಲರ ಮುಂದೆ ಈ ತರ್ಕ ಮಂಡಿಸಿ ದೊಡ್ಡ ಪಾಯಿಂಟು ಹಾಕಿದೆ ಅಂದುಕೊಂಡೆ. ಅವರು ಕನ್ನಡಕ ಒರೆಸಿಕೊಂಡು, ಇದನ್ನು ನಿಮಗಿಂತ ಮುಂಚೆ ಒಬ್ಬರು ಹೇಳಿ ನೋಡಿದ್ದಾರೆ ಅಂದರು. 2019ರ ಇದೇ ಹಬ್ಬದಿಂದ ಹೋಟೆಲಿಗೆ ಸ್ಕೂಟರಿನಲ್ಲಿ ಹೊರಟಿದ್ದ ಒಬ್ಬಾತ, 1.35. ಹೋಗಬೇಕಾಗಿದ್ದು ಕೆಲವೇ ನೂರು ಮೀಟರು. ಕೇಸು ಬವೇರಿಯಾದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. 2020ರಲ್ಲಿ ಅವರು ಹೇಳಿದ್ದಿಷ್ಟೇ: ಸ್ಕೂಟರಿಗೂ 1.1, ಕಾರಿಗೂ 1.1. ಆ ಒಂದು ಹಬ್ಬದಲ್ಲೇ ಮ್ಯೂನಿಕ್ ಪೊಲೀಸರು ಕುಡಿದು ಸ್ಕೂಟರ್ ಹತ್ತಿದ 414 ಮಂದಿಯನ್ನು ಹಿಡಿದಿದ್ದರು, 254 ಜನರ ಲೈಸೆನ್ಸ್ ಸ್ಥಳದಲ್ಲೇ ಹೋಗಿತ್ತು. ಹಾಗಾಗಿ ನಾನು ಹೊಸದೇನೂ ಮಾಡಲಿಲ್ಲ, ದೊಡ್ಡ ಸಾಲಿನಲ್ಲಿ ತಡವಾಗಿ ಬಂದು ನಿಂತೆ.

ಕೆಲವು ಕೋರ್ಟುಗಳು ಸ್ಕೂಟರ್ ಹಗುರ, ಬೇರೆಯವರಿಗೆ ಅಪಾಯ ಕಮ್ಮಿ ಅಂತ ಲೈಸೆನ್ಸ್ ಪೂರಾ ಕಿತ್ತುಕೊಳ್ಳದೆ ಕೆಲ ತಿಂಗಳ ನಿಷೇಧಕ್ಕೆ ಬಿಟ್ಟಿದ್ದೂ ಇದೆಯಂತೆ. ನನ್ನ ಪಾಲಿಗೆ ಆ ಪುಣ್ಯ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಹಳದಿ ಲಕೋಟೆ ಬಂತು. ಇಲ್ಲಿ ಹಳದಿ ಲಕೋಟೆ ಅಂದರೆ ಪೋಸ್ಟ್‌ಮನ್ ದಿನಾಂಕ ಬರೆದು ಹಾಕುವಂಥದ್ದು, ಅವತ್ತಿನಿಂದ ಎಣಿಕೆ ಶುರು. ಕೋರ್ಟಿಗೆ ಹೋಗದೆಯೇ ಕಾಗದದ ಮೇಲೆ ಶಿಕ್ಷೆ. ಒಪ್ಪದಿದ್ದರೆ ಎರಡು ವಾರದೊಳಗೆ ತಕರಾರು ಹಾಕಬೇಕು. 40 ದಿನದ ದರ ಅಂತಿತ್ತು. ದಿನದ ದರ ಅಂದರೆ ತಿಂಗಳಿಗೆ ಕೈಗೆ ಬರುವ ಸಂಬಳದ ಮೂವತ್ತನೇ ಒಂದು ಭಾಗ. ಶ್ರೀಮಂತನಿಗೂ ಬಡವನಿಗೂ ಒಂದೇ ಥರ ಉರಿಯಲಿ ಅಂತ ಮಾಡಿದ್ದು; ಆ ಮಟ್ಟಿಗೆ ನನಗೆ ಇವರ ಪದ್ಧತಿ ಇಷ್ಟವೇ. ನನ್ನದು ದಿನಕ್ಕೆ 120 ಯೂರೋ ಅಂತ ಹಿಡಿದಿದ್ದರು. 4800 ಯೂರೋ. ರೂಪಾಯಿಗೆ ತಿರುಗಿಸಬೇಡ, ನಾನು ತಿರುಗಿಸಿ ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ. ಅದರ ಮೇಲೆ ವಕೀಲರ ಫೀಸು, ಕೋರ್ಟಿನ ಖರ್ಚು, ರಕ್ತ ತೆಗೆದಿದ್ದಕ್ಕೂ ಬಿಲ್ಲು. ಲೈಸೆನ್ಸ್ ರದ್ದು, ಇನ್ನೂ ಎಂಟು ತಿಂಗಳು ಹೊಸದಕ್ಕೆ ಅವಕಾಶವಿಲ್ಲ. ಆಮೇಲೂ ತಾನಾಗಿ ವಾಪಸ್ ಬರುವುದಿಲ್ಲ, ಅರ್ಜಿ ಹಾಕಿ ಬೇಡಿಕೊಳ್ಳಬೇಕು. 1.6 ಮುಟ್ಟಿದ್ದರಂತೂ ಮನಶ್ಶಾಸ್ತ್ರಜ್ಞರ ಮುಂದೆ ಕೂತು ನಾನು ಬದಲಾಗಿದ್ದೇನೆ ಅಂತ ಸಾಬೀತು ಮಾಡುವ ಒಂದು ಪರೀಕ್ಷೆ ಬೇರೆ ಇದೆ. ಜನ ಅದಕ್ಕೆ ‘ಪೆದ್ದರ ಪರೀಕ್ಷೆ’ ಅಂತಾರೆ. ಅದೊಂದು ತಪ್ಪಿತು.

ಇವಳಿಗೆ ಆಗ ಇಲ್ಲಿನ ಲೈಸೆನ್ಸ್ ಇರಲಿಲ್ಲ. ಊರಿನ ಲೈಸೆನ್ಸ್ ಇಲ್ಲಿ ಬಂದು ನೆಲೆಸಿದವರಿಗೆ ಆರು ತಿಂಗಳಷ್ಟೇ ನಡೆಯುತ್ತದೆ. ಆಮೇಲೆ ಬರಹದ ಪರೀಕ್ಷೆ, ರಸ್ತೆಯ ಪರೀಕ್ಷೆ ಎಲ್ಲ ಮೊದಲಿನಿಂದ. ಹೀಗಾಗಿ ಕಾರು ಮನೆ ಮುಂದೆ ಎಲೆ ಉದುರಿಸಿಕೊಂಡು ನಿಂತಿತು. ಪಾರ್ಕಿಂಗು, ಇನ್ಶೂರೆನ್ಸು ಕಟ್ಟಿ ಕಟ್ಟಿ ಬೇಜಾರಾಗಿ ಮಾರಿದೆ. ಮಗಳನ್ನು ಶಿಶುವಿಹಾರಕ್ಕೆ ಮಳೆಯಲ್ಲಿ ನಡೆಸಿಕೊಂಡು ಹೋದಾಗ ಟೀಚರು ‘ಇವತ್ತು ಕಾರಿಲ್ಲವಾ?’ ಅಂದರು. ಮಗಳು ಚೊಕ್ಕ ಜರ್ಮನ್ನಿನಲ್ಲಿ, ಅಪ್ಪನ ಕಾರ್ಡನ್ನು ಪೊಲೀಸರು ಇಟ್ಟುಕೊಂಡಿದ್ದಾರೆ ಅಂದಳು. ನಾನು ಅಲ್ಲಿದ್ದ ಬಣ್ಣದ ಕೊಡೆಗಳನ್ನು ಎಣಿಸುತ್ತಾ ನಿಂತೆ.

ಇದೆಲ್ಲಕ್ಕಿಂತ ಹೆದರಿದ್ದು ಬೇರೆ ವಿಷಯಕ್ಕೆ. ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಿದ್ದೆ. ಕೇಸು ನಡೆಯುವಷ್ಟು ದಿನ ಆ ಕಡತ ಅಲುಗಾಡುವುದಿಲ್ಲ, ಅದು ಇಲ್ಲಿನ ಕಾನೂನು. 90 ದಿನದ ದರದವರೆಗಿನ ಒಂದು ಶಿಕ್ಷೆಯನ್ನು ಪೌರತ್ವದವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಲಸಕ್ಕೆ ಕೇಳುವ ನಡತೆ ಪತ್ರದಲ್ಲೂ ಸಾಮಾನ್ಯವಾಗಿ ಕಾಣುವುದಿಲ್ಲ ಅಂತ ವಕೀಲರು ಹೇಳುವ ತನಕ ನನ್ನ ಜೀವ ಜೀವದಲ್ಲಿರಲಿಲ್ಲ. ಹನ್ನೊಂದು ವರ್ಷ ತೆರಿಗೆ ಕಟ್ಟಿ, ಕಸವನ್ನು ನಾಲ್ಕು ಬುಟ್ಟಿಗೆ ಬೇರೆ ಮಾಡಿ, ಕೊನೆಗೆ ಎರಡು ಸಿಗ್ನಲ್ಲಿನ ಸವಾರಿಗೆ ಎಲ್ಲ ಹೋಯಿತಲ್ಲ ಅಂತ.

ಇನ್ನು ನಿನ್ನ ಐಡಿಯಾ, ‘ನಾ ಹಿಂದೆ ನಿಲ್ತೀನಿ’. ಮೊದಲಿಗೆ ಅದರಲ್ಲಿ ಇಬ್ಬರು ಹತ್ತುವಂತೆಯೇ ಇಲ್ಲ. ಅದು ಬಿಡು. ಓಲ್ಡನ್‌ಬುರ್ಗ್ ಅನ್ನುವ ಊರಿನ ಕೋರ್ಟಿಗೆ 2022ರಲ್ಲಿ ಇಂಥದ್ದೇ ಒಂದು ಕೇಸು ಬಂದಿತ್ತು. ಹಿಂದೆ ನಿಂತವನು ಬೀಳದ ಹಾಗೆ ಹ್ಯಾಂಡಲ್ ಹಿಡಿದುಕೊಂಡಿದ್ದ. ಹ್ಯಾಂಡಲ್ ಹಿಡಿದವನೂ ಚಾಲಕನೇ ಅಂದಿತು ಕೋರ್ಟು. ಅಂದರೆ ನಾವಿಬ್ಬರೂ ಒಂದೇ ಗಾಡಿಗೆ ಇಬ್ಬರು ಡ್ರೈವರು. ಯಾರಿಗಾದರೂ ಗುದ್ದಿದರೆ ಇನ್ಶೂರೆನ್ಸಿನವರು ಅವರಿಗೆ ದುಡ್ಡು ಕೊಟ್ಟು, ಆಮೇಲೆ ಕುಡಿದವನಿಂದ 5000 ಯೂರೋವರೆಗೆ ವಸೂಲಿ ಮಾಡಬಹುದು. ಸಾಗರದಲ್ಲಿ ಮಾಡಿಸಿದ ನಿನ್ನ ಕೆಎ-15 ಲೈಸೆನ್ಸೂ ಇಲ್ಲಿ ಬಚಾವಾಗುವುದಿಲ್ಲ. ಪರದೇಶಿ ಲೈಸೆನ್ಸಾದರೆ ಜರ್ಮನಿಯಲ್ಲಿ ಓಡಿಸುವ ಹಕ್ಕು ಕಿತ್ತುಕೊಳ್ಳುತ್ತಾರೆ. ಹಾಗಂತ ಊರೇ ವಾಸಿ ಅಂತ ಬೀಗಬೇಡ. ನಮ್ಮಲ್ಲಿ ನಂಬರ್ ಪ್ಲೇಟಿನ ಗಾಡಿಗೆ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ ಮಿತಿ, ಇವರ ಲೆಕ್ಕದಲ್ಲಿ 0.3. ಹಸಿರು ಪ್ಲೇಟಾದರೂ ಅಷ್ಟೇ. ಮೊದಲ ಸಲಕ್ಕೆ ಹತ್ತು ಸಾವಿರ ರೂಪಾಯಿ ಇಲ್ಲವೇ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು. ನಿನ್ನ ಹೊಸ ಎಲೆಕ್ಟ್ರಿಕ್ ಗಾಡಿಗೆ ಹಸಿರು ಪ್ಲೇಟೇ ತಾನೆ?

ಬಾ ನೀನು. ವೀಸನ್‌ಗೆ ಹೋಗೋಣ. ನಾನು ಈಗ ಅಲ್ಲಿ ಆಪಲ್ ಜ್ಯೂಸಿಗೆ ಸೋಡಾ ಬೆರೆಸಿದ್ದು ಕುಡಿಯುತ್ತೇನೆ, ಅದೂ ಅದೇ ಲೀಟರ್ ಮಗ್ಗಿನಲ್ಲಿ ಬರುತ್ತದೆ, ಫೋಟೋದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ನೀನು ಬೇಕಾದ್ದು ಕುಡಿ. ವಾಪಸ್ ಬರುವಾಗ ಯು5 ರೈಲು. ಜನ ಇರುತ್ತಾರೆ, ಬೆವರು, ಹಾಡು, ಯಾರದ್ದಾದರೂ ವಾಂತಿ. ಇಪ್ಪತ್ತು ನಿಮಿಷ ಮೂಗು ಮುಚ್ಚಿಕೊಂಡರೆ ಮನೆ.

ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಇಲ್ಲಿಗೆ ಬರುವ ನಮ್ಮ ಹುಡುಗರೆಲ್ಲ ಬಂದ ವಾರವೇ ಕೇಳುವ ಪ್ರಶ್ನೆ ನಿನ್ನದೇ, ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು. ಅಮ್ಮನಿಗೆ ಮಾತ್ರ ಗೊತ್ತಿಲ್ಲ. ಅವಳು ಇದನ್ನೆಲ್ಲ ನೋಡುವವಳಲ್ಲ. ನೀನು ಅಪ್ಪೆಮಿಡಿ ಉಪ್ಪಿನಕಾಯಿ ಇಸಿದುಕೊಳ್ಳೋಕೆ ಮನೆಗೆ ಹೋಗುತ್ತೀಯಲ್ಲ, ಕಾರಿನ ವಿಷಯ ತೆಗೆದರೆ ರೈಲು ಚೆನ್ನಾಗಿದೆಯಂತೆ ಅಂತ ಹೇಳು. ಉಪ್ಪಿನಕಾಯಿ ಎರಡು ಡಬ್ಬಿ ತಾ, ಎಣ್ಣೆ ಸೋರದ ಹಾಗೆ ಕಟ್ಟಿಸಿಕೋ.

ನಿನ್ನ
ಗಣು