ಮಾರಾವಿಚ್ ದಾಖಲೆ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ ಪೀಟ್ ಮಾರಾವಿಚ್‌ರ ಒಟ್ಟು ಅಂಕಗಳ ದಾಖಲೆ ಮುರಿಯಿತೋ ಇಲ್ಲವೋ ಎಂಬ ವಾದ ಜೋರಾಗಿದೆ, ಆದ್ದರಿಂದ ಲೆಕ್ಕ ಇಲ್ಲಿದೆ.

ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ ತಂಡದ ಗಾರ್ಡ್ (ಚೆಂಡು ನಡೆಸುವ ಆಟಗಾರ), 1967ರಿಂದ 1970, ಮೂರೇ ಸೀಸನ್. 83 ಪಂದ್ಯ, 3,667 ಅಂಕ, ಸರಾಸರಿ 44.2. ಅಂಕಗಳನ್ನು ಹೀಗೆ ತಾಳೆ ನೋಡಿ: 1,387 ಬುಟ್ಟಿಗೆ ಎರಡರಂತೆ 2,774, ಜೊತೆಗೆ 893 ಫ್ರೀ ಥ್ರೋ (ಫೌಲ್‌ಗೆ ಸಿಗುವ ಎಸೆತ, ತಲಾ ಒಂದಂಕ). ಆಗ ಮೂರಂಕದ ಗೆರೆಯೇ (ಅದರಾಚೆಯಿಂದ ಹಾಕಿದ ಬುಟ್ಟಿಗೆ ಮೂರಂಕ) ಇರಲಿಲ್ಲ. ಪುರುಷರ ಕಾಲೇಜು ಆಟಕ್ಕೆಲ್ಲ ಅದು ಬಂದದ್ದು 1986–87ರಲ್ಲಿ. "ಗೆರೆ ಇದ್ದಿದ್ದರೆ ಸರಾಸರಿ 57" ಎಂದು ಓಡಾಡುವ ಸಂದೇಶ ಬರೀ ಅಂದಾಜು, ಅದನ್ನು ದಾಖಲೆ ಎಂದು ಹಾಕಬೇಡಿ.

ಆಗ ಕಾಲೇಜಿನ ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಆ ವರ್ಷ ಮಾರಾವಿಚ್ ಹೊಸಬರ ತಂಡದಲ್ಲಿ ಗಳಿಸಿದ 741 ಅಂಕಗಳನ್ನು ಒಟ್ಟು ಮೊತ್ತಕ್ಕೆ ಸೇರಿಸುವವರು ತಪ್ಪುವುದು ಇಲ್ಲೇ.

ಹೋಲಿಸುವಾಗ ಪಂದ್ಯಗಳ ಸಂಖ್ಯೆಯನ್ನೂ ಬರೆಯಿರಿ. ಡೆಟ್ರಾಯಿಟ್ ಮರ್ಸಿ ವಿಶ್ವವಿದ್ಯಾಲಯದ ಆಂಟ್ವಾನ್ ಡೇವಿಸ್ 2023ರಲ್ಲಿ 3,664ಕ್ಕೆ ನಿಂತರು, ಆದರೆ ಐದು ಸೀಸನ್, 144 ಪಂದ್ಯ. ಅಯೋವಾ ವಿಶ್ವವಿದ್ಯಾಲಯದ ಮಹಿಳಾ ತಂಡದ ಕೇಟ್ಲಿನ್ ಕ್ಲಾರ್ಕ್ 2024ರ ಮಾರ್ಚ್ 3ರಂದು ಮಾರಾವಿಚ್‌ರನ್ನು ದಾಟಿ, ಕೊನೆಗೆ ಒಟ್ಟು 139 ಪಂದ್ಯಗಳಲ್ಲಿ 3,951 ಗಳಿಸಿದರು. ಕಾಲೇಜು ಆಟದ ಅಗ್ರ ವಿಭಾಗದಲ್ಲಿ (ಡಿವಿಷನ್ 1) ಪುರುಷರ ದಾಖಲೆ ಈಗಲೂ ಮಾರಾವಿಚ್‌ರದ್ದೇ. "ದಾಖಲೆ ಮುರಿಯಿತು" ಎಂದಷ್ಟೇ ಬರೆದರೆ ಮತ್ತೆ ಜಗಳ.

ಇನ್ನೊಂದು ಮಗ್ಗುಲು: ಪಂದ್ಯಕ್ಕೆ ಸುಮಾರು 38 ಎಸೆತ! ಕೋಚ್ ಸ್ವಂತ ಅಪ್ಪ ಪ್ರೆಸ್ ಮಾರಾವಿಚ್, ತಡೆಯುವವರು ಯಾರು? ಗುರಿ ತಲುಪಿದ್ದು ಶೇ 43.8 ಮಾತ್ರ. ಆ ಮೂರು ಸೀಸನ್‌ನಲ್ಲಿ ತಂಡ ಒಮ್ಮೆಯೂ ಎನ್‌ಸಿಎಎ ಟೂರ್ನಿ (ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್) ತಲುಪಲಿಲ್ಲ, ಇದನ್ನೂ ಬರೆಯಿರಿ.